ಹಳದಿಯವರ ಬೀಗದಯ್ಯ

ಆ ಭಾನುವಾರ ಮಧ್ಯಾಹ್ನ ಕ್ಷೌರದಂಗಡಿಯವನ ಮನೆ ಬಾಗಿಲಲ್ಲಿ ಬೀಗದ ಕೈ ಮುರಿಯಿತು. ಅರ್ಧ ಅವನ ಕೈಯಲ್ಲಿ ಉಳಿಯಿತು, ಇನ್ನರ್ಧ ಬೀಗದ ಹೊಟ್ಟೆ ಸೇರಿತು. ಮನೆಯೊಳಗೆ ಟೀವಿ. ಟೀವಿಯಲ್ಲಿ ಇನ್ನೇನು ಫುಟ್‌ಬಾಲ್ ಸೆಮಿಫೈನಲ್ ಶುರುವಾಗಬೇಕು. ಹೊರಗೆ ಹಳದಿ ಅಂಗಿ ತೊಟ್ಟು ಬಂದ ಅಕ್ಕಪಕ್ಕದವರೆಲ್ಲ ಸರದಿಯ ಮೇಲೆ ಬೀಗದ ತೂತಿಗೆ ಕಣ್ಣಿಟ್ಟು ಇಣುಕುತ್ತಿದ್ದರು. ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ.

"ಒದ್ದು ಮುರಿಯೋಣ," ಅಂದ ಟೈಲರ್.

"ನಿಮ್ಮಪ್ಪ ಮಾಡ್ಸಿದ್ದೇನೋ ಬಾಗ್ಲು?" ಅಂದಳು ಕ್ಷೌರದಂಗಡಿಯವನ ತಾಯಿ. ಇಡೀ ಕಟ್ಟಡಕ್ಕೆ ಅವಳು ಅಜ್ಜಿ. "ಪಕ್ಕದಲ್ಲೇ ಬೀಗದಯ್ಯ ಇದಾನೆ, ಕರೀರಿ ಅವನ್ನ."

ಆಗ ನೆನಪಾಯಿತು ಎಲ್ಲರಿಗೂ, ಪಕ್ಕದಲ್ಲೇ ಬೀಗದಯ್ಯ ಇದ್ದಾನೆ ಅಂತ.

ಬೀಗದಯ್ಯನ ಕಸುಬು ಹಾಗೆಯೇ. ಪೇಟೆಯ ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಅರ, ಗೊಂಚಲು ಗೊಂಚಲು ಬೀಗದ ಕೈ ಇಟ್ಟುಕೊಂಡು ಕೂರುತ್ತಿದ್ದ. ಬಾಗಿಲು ತೆರೆಯದಿದ್ದಾಗ ಜನ ಓಡಿ ಬಂದು ಕರೆಯುತ್ತಿದ್ದರು. ತೆರೆದ ಮೇಲೆ ಒಳಗೆ ಹೋಗಿ ಹಾಕಿಕೊಳ್ಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವನ ಕೋಣೆಯಲ್ಲಿ ದನಿಯಿದ್ದದ್ದು ಕುಕ್ಕರಿಗೆ ಒಂದಕ್ಕೇ. ಅದೂ ನಾಲ್ಕು ಸಲ ಕೂಗಿ ಸುಮ್ಮನಾಗುತ್ತಿತ್ತು. ಭಾನುವಾರ ಮಾತ್ರ ಗೋಡೆಯಾಚೆಯಿಂದ ಹೋ ಎಂಬ ಗದ್ದಲ ಬರುತ್ತಿತ್ತು. ಅವರು ಕುಣಿದರೆ ಇವನ ಲೋಟದ ನೀರು ನಡುಗುತ್ತಿತ್ತು. ಅವರು ನಕ್ಕರೆ ಯಾಕೆಂದು ಗೊತ್ತಿಲ್ಲದೆ ಇವನೂ ಇಷ್ಟು ನಗುತ್ತಿದ್ದ. ಆಮೇಲೆ ನಾಚಿಕೆಯಾಗಿ ಸುತ್ತ ನೋಡುತ್ತಿದ್ದ. ನೋಡುವವರು ಯಾರೂ ಇರುತ್ತಿರಲಿಲ್ಲ.

ಕರೆದ ತಕ್ಷಣ ಬಂದ. ಮುರಿದ ಚೂರು ಹಟ ಹಿಡಿದಿತ್ತು. ಬೀಗವನ್ನೇ ಬಾಗಿಲಿಂದ ಬಿಚ್ಚಿ ತೆಗೆದ. ಬಾಗಿಲಲ್ಲಿ ಮುಷ್ಟಿಯಷ್ಟು ತೂತು ಉಳಿಯಿತು, ಬಾಗಿಲು ತೆರೆಯಿತು, ಜನ ಅಣೆಕಟ್ಟು ಒಡೆದ ಹಾಗೆ ಒಳಗೆ ನುಗ್ಗಿದರು. ಬೀಗದಯ್ಯ ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತು ಸಾಮಾನು ಎತ್ತಿಡುತ್ತ, ಎಂದಿನಂತೆ ಬಾಗಿಲು ಮುಚ್ಚುವುದನ್ನು ಕಾದ.

ಮುಚ್ಚಲಿಲ್ಲ. ಕ್ಷೌರದಂಗಡಿಯವನು ತಿರುಗಿ, "ಬನ್ನಿ ಬೀಗದಯ್ಯನೋರೆ, ಕೂತ್ಕೊಳ್ಳಿ. ಟೀ ಕುಡೀರಿ. ನೀವ್ ಯಾವ್ ಟೀಮು?" ಅಂದ.

ಬೀಗದಯ್ಯನಿಗೆ ಚೆಂಡು ಗುಂಡಗಿದೆ ಅನ್ನುವುದು ಬಿಟ್ಟರೆ ಆ ಆಟದ ಬಗ್ಗೆ ಏನೂ ಗೊತ್ತಿರಲಿಲ್ಲ. ಒಳಗೆ ನೋಡಿದ. ಚಾಪೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಜನ ಕೂತಿದ್ದರು. ಟೈಲರಿನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು.

"ನಿಮ್ದೇ," ಅಂದ.

"ಅಹಾ, ಹಳದಿ!" ಅಂತ ಟೈಲರ್ ಬೆನ್ನಿಗೊಂದು ಗುದ್ದು ಕೊಟ್ಟ. ನೋವಾಯಿತು. ಇನ್ನೊಂದು ಕೊಟ್ಟರೂ ಪರವಾಗಿಲ್ಲ ಅನ್ನಿಸಿತು.

"ನಮ್ಮಪ್ಪ ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಮೊದಲ್ನೇ ಮ್ಯಾಚು ತೋರಿಸಿದ್ರು," ಅಂದ ಕ್ಷೌರದಂಗಡಿಯವನು. "ಅವತ್ತೇ ಹಳದಿಯಾದೆ."

"ನಾನು ಒಂದ್ಸಲ ಹಳದಿ ಟೀಮಿನ ಅಂಗಿ ಹೊಲಿದೆ, ಬಟ್ಟೆ ಮಿಕ್ತು," ಅಂದ ಟೈಲರ್. "ಮಿಕ್ಕಿದ್ದನ್ನ ನಾನೇ ಹಾಕ್ಕೊಂಡೆ. ಆಮೇಲೆ ಬಿಡೋಕಾಗ್ಲಿಲ್ಲ."

"ನಮ್ಮ ಯಜಮಾನ್ರು ನೀಲಿಯವರ ಕಡೆ," ಅಂದಳು ಅಜ್ಜಿ. "ಅದಕ್ಕೇ ನಾನು ಹಳದಿ. ಅವರು ಹೋದ್ರು. ಜಗಳ ಇನ್ನೂ ಮುಗಿದಿಲ್ಲ." ಆಮೇಲೆ ಬೀಗದಯ್ಯನ ಕಡೆ ತಿರುಗಿ, "ನೀನು ಹೇಗಪ್ಪಾ ಹಳದಿಯಾದೆ?" ಅಂದಳು.

ಬೀಗದಯ್ಯ ಬಾಯಿ ತೆರೆದ. ಅಷ್ಟರಲ್ಲಿ ಟೀ ಬಂತು. ಒಂದು ಗುಟುಕು ಗಂಟಲಿಗಿಳಿಯಿತೋ ಇಲ್ಲವೋ, ನೀಲಿಯವರು ಗೋಲು ಹೊಡೆದರು. ಒಳಗಿದ್ದವರೆಲ್ಲ ತಲೆ ಮೇಲೆ ಕೈ ಹೊತ್ತರು. ಬೀಗದಯ್ಯ ಟೀಯನ್ನು ಸದ್ದಾಗದಂತೆ ನುಂಗಿದ.

ಎಲ್ಲರ ಲೋಟಕ್ಕೆ ಬರುವ ಮೊದಲೇ ಹಾಲು ಮುಗಿದಿತ್ತು. ಕ್ಷೌರದಂಗಡಿಯವನ ಹೆಂಡತಿ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ನೋಡಿದಳು. "ನಮ್ಮಲ್ಲಿದೆ ತಾಯಿ, ತರ್ತೀನಿ," ಅಂತ ಬೀಗದಯ್ಯ ಹುಮ್ಮಸ್ಸಿನಿಂದ ಎದ್ದ. ತನ್ನ ಹಾಲನ್ನು ಇಷ್ಟು ಜನ ಕುಡಿಯುತ್ತಾರೆಂದು ಅವನಿಗೆ ನಂಬಲಿಕ್ಕೇ ಆಗಲಿಲ್ಲ.

ಅವನು ತನ್ನ ಕೋಣೆಯಲ್ಲಿ ಹಾಲಿನ ಪಾತ್ರೆ ಎತ್ತುವಾಗ ಗೋಡೆಯಾಚೆ ಭೂಮಿ ಬಿರಿದಂಥ ಕೂಗು. ಗೋಲು! ಈ ಸಲ ನಮ್ಮದು. 'ನಮ್ಮದು' ಅಂತ ಮನಸ್ಸಿನಲ್ಲಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಪಾತ್ರೆ ಹಿಡಿದು ಓಡಿದ.

ಬಾಗಿಲಲ್ಲಿ ನಿಂತು ನೋಡಿದರೆ ಒಳಗಿದ್ದವರೆಲ್ಲ ಗೊಂಬೆಗಳು. ಟೈಲರ್ ಅರ್ಧ ಎದ್ದು ಅರ್ಧ ಕೂತು, ಹೊಲಿಗೆ ಬಿಚ್ಚಿದ ಪೈಜಾಮದ ಹಾಗೆ ನೇತಾಡುತ್ತಿದ್ದ. ಕ್ಷೌರದಂಗಡಿಯವನ ಹೆಂಡತಿ ಫ್ರಿಜ್ಜಿನ ಬಾಗಿಲು ಹಿಡಿದೇ ನಿಂತಿದ್ದಳು, ತಣ್ಣನೆ ಗಾಳಿಗೆ ಮೂಗು ಕೆಂಪಗಾಗಿತ್ತು. ಅಜ್ಜಿ ರಿಮೋಟನ್ನು ತಲೆಕೆಳಗಾಗಿ ಹಿಡಿದು ಕಣ್ಣು ಮಾತ್ರ ಆಡಿಸುತ್ತಿದ್ದಳು.

ಅದು ಆ ಮನೆಯ ಕಟ್ಟಳೆ. ಹಳದಿಯವರು ಗೋಲು ಹೊಡೆದ ಗಳಿಗೆಯಲ್ಲಿ ಯಾರು ಎಲ್ಲಿ ಹೇಗಿದ್ದರೋ, ಆಟ ಮುಗಿಯುವವರೆಗೂ ಅಲ್ಲೇ ಹಾಗೇ ಇರಬೇಕು. ಬೀಗದಯ್ಯನಿಗೆ ಇದು ತಿಳಿಯದು. ಒಂದು ಕಾಲು ಒಳಗಿಟ್ಟ.

ನೀಲಿಯವರು ಇನ್ನೊಂದು ಗೋಲು ಹೊಡೆದರು.

"ಅಯ್ಯಯ್ಯೋ! ಯಾರದು ಅಲುಗಾಡಿದ್ದು?" ಅಂತ ಅಜ್ಜಿ ಕಿರುಚಿದಳು. ಎಲ್ಲರೂ ಕತ್ತು ತಿರುಗಿಸದೆ ಕಣ್ಣು ಮಾತ್ರ ಬಾಗಿಲ ಕಡೆ ತಿರುಗಿಸಿದರು.

"ಏನ್ರೀ, ನಮ್ಮೋರು ಗೋಲು ಹೊಡೆದಾಗ ನೀವು ಎಲ್ಲಿದ್ರಿ?" ಅಂದ ಟೈಲರ್, ವಕೀಲನ ಧಾಟಿಯಲ್ಲಿ.

"ನನ್ನ ಕೋಣೇಲಿ."

"ಮತ್ತೆ ಅಲ್ಲೇ ಇರ್ಬೇಕು ತಾನೆ! ಇಲ್ಲಿಗ್ಯಾಕೆ ಬಂದ್ರಿ?"

"ಹಾಲು..."

"ಹಾಲಿಗೆ ಬೆಂಕಿ ಬಿತ್ತು!" ಅಂದಳು ಅಜ್ಜಿ. ಆಮೇಲೆ ಅವನ ಮುಖ ನೋಡಿ ದನಿ ಇಳಿಸಿದಳು. "ಹೋಗಪ್ಪಾ. ಬೇಜಾರು ಮಾಡ್ಕೋಬೇಡ. ನೀನೂ ನಮ್ಮೋನೇ. ನಿನ್ನ ಜಾಗ ಅಲ್ಲಿದೆ, ಅಷ್ಟೆ."

ಬೀಗದಯ್ಯ ಬಾಗಿಲು ಎಳೆದು ಮುಚ್ಚಿ ತನ್ನ ಕೋಣೆಗೆ ಬಂದು, ಮೊದಲು ನಿಂತ ಕಡೆಯೇ, ಹಾಲಿನ ಪಾತ್ರೆ ಮೊದಲು ಹಿಡಿದ ಹಾಗೆಯೇ ಹಿಡಿದು ನಿಂತ. ಅವನು ಪ್ರಾಮಾಣಿಕ ಮನುಷ್ಯ. ಕೈ ಸೋತರೂ ಇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಹೋ ಅಂದರು. ಸರಿಸಮ! ಯಾರೋ ಕೂತಲ್ಲಿಂದಲೇ ಗೋಡೆಗೆ ಗುದ್ದಿ, "ಬೀಗದಯ್ಯಾ, ಭೇಷ್! ಹಾಗೇ ಇರಿ!" ಅಂದರು. ಅಷ್ಟು ವರ್ಷದಲ್ಲಿ ಗೋಡೆ ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನ ಕಣ್ಣು ತೇವವಾಯಿತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಆದರೂ ಮನುಷ್ಯನಿಗೆ ಆಸೆ ಅನ್ನುವುದು ಇರುತ್ತದಲ್ಲ. ಇಷ್ಟೆಲ್ಲ ಮಾಡಿದವನು ಒಂದಾದರೂ ಗೋಲು ಕಣ್ಣಾರೆ ನೋಡಬಾರದೆ? ಆಟ ಮುಗಿಯುತ್ತ ಬಂದಿತ್ತು. ಪಾತ್ರೆ ಕೆಳಗಿಟ್ಟ. ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಬಂದು, ಬೀಗ ಬಿಚ್ಚಿ ತಾನೇ ಮಾಡಿದ ತೂತಿಗೆ ಕಣ್ಣಿಟ್ಟ. ಟೈಲರಿನ ಕಿವಿಯ ಪಕ್ಕದಿಂದ ಟೀವಿಯ ಅಂಗೈಯಗಲ ಕಾಣುತ್ತಿತ್ತು. ಅಷ್ಟರಲ್ಲೇ ಒಂದು ಹಳದಿ ಅಂಗಿ ಓಡಿ ಬಂತು, ಕಾಲು ಬೀಸಿತು, ಬಲೆ ಉಬ್ಬಿತು.

ಮೂರನೇ ಗೋಲು. ಹಳದಿಯವರು ಗೆದ್ದರು. ಬಾಗಿಲು ಧಡ್ ಎಂದು ತೆರೆದು ಬೀಗದಯ್ಯನ ಹಣೆಗೆ ಬಡಿಯಿತು. ಜನ ಹೊರಗೆ ಬಂದು, ಬಿದ್ದವನನ್ನು ಎತ್ತಿ ಅಪ್ಪಿಕೊಂಡರು. ಒಬ್ಬರು ಬಿಟ್ಟರೆ ಇನ್ನೊಬ್ಬರು.

"ಎಲ್ಲಾ ನಿಮ್ಮಿಂದ್ಲೇ ಬೀಗದಯ್ಯನೋರೆ! ಫೈನಲ್‌ಗೂ ಹೀಗೇ ಕೋಣೇಲಿರಿ."

ಆಗ ಬೀಗದಯ್ಯ, ಹಣೆಯ ಬುಗುಟು ಸವರಿಕೊಳ್ಳುತ್ತ, ಧೈರ್ಯ ಮಾಡಿ ನಿಜ ಹೇಳಿಬಿಟ್ಟ. "ನಾನು ಕೋಣೇಲಿರ್ಲಿಲ್ಲ. ಕೊನೇ ಗೋಲು ಇಲ್ಲಿಂದ ನೋಡ್ದೆ, ತೂತಲ್ಲಿ. ನೋಡಿದ್ರೂ ಗೋಲಾಯ್ತು. ಅಂದ್ರೆ ನನ್ನಿಂದ ಏನೂ ತೊಂದ್ರೆಯಿಲ್ಲ. ಫೈನಲ್ಲಿಗೆ ನಾನೂ ಒಳಗೆ... ಮೂಲೇಲಿ ಕೂತ್ಕೊಂಡ್ರಾಯ್ತು."

ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಲೆಕ್ಕ ಹಾಕುವವಳಂತೆ ತುಟಿ ಆಡಿಸಿದಳು.

"ಬಾಗಿಲಲ್ಲಿ ನಿಂತಾಗ್ಲೇ ಒಂದು ಗೋಲು ಬಂತು," ಅಂದಳು ಕೊನೆಗೆ. "ದೂರ ಇದ್ದಿದ್ರೆ ಇನ್ನೆಷ್ಟು ಬರ್ತಿತ್ತೋ!"

"ಹೌದಲ್ವಾ!" ಅಂದರು ಎಲ್ಲರೂ.

"ಕೋಣೆ ಸಾಲ್ದು," ಅಂದ ಟೈಲರ್. "ಫೈನಲ್‌ಗೆ ಊರೇ ಬಿಡಿಸ್ಬೇಕು."

"ಅಣ್ಣಾ, ನಿಮಗೆ ಬೇರೆ ಊರಲ್ಲಿ ಯಾರಾದ್ರೂ ಇದ್ದಾರಾ?" ಅಂತ ಕೇಳಿದಳು ಕ್ಷೌರದಂಗಡಿಯವನ ಹೆಂಡತಿ.

"ಯಾರೂ ಇಲ್ಲಮ್ಮಾ."

"ಒಳ್ಳೇದಾಯ್ತು ಬಿಡು," ಅಂದಳು ಅಜ್ಜಿ. "ಟೀವಿ ಮುಂದೆ ಕೂರಿಸೋರೂ ಇರಲ್ಲ."

ಮುಂದಿನ ಭಾನುವಾರ ಇಡೀ ಕಟ್ಟಡವೇ ಬಸ್ ಸ್ಟ್ಯಾಂಡಿಗೆ ಬಂತು. ಟೈಲರ್ ಅಳತೆ ತೆಗೆದು ಹೊಲಿದ ಹೊಸ ಹಳದಿ ಅಂಗಿ ತೊಡಿಸಿದ. ಅಜ್ಜಿ ಬುತ್ತಿ ಕಟ್ಟಿ ಕೊಟ್ಟು, ಹೊತ್ತಿಗೆ ಸರಿಯಾಗಿ ತಿನ್ನು ಅಂದಳು. ಕ್ಷೌರದಂಗಡಿಯವನು ಬೆಳಿಗ್ಗೆಯೇ ಗಡ್ಡ ಹೆರೆದು ಮುಖ ಫಳಫಳ ಮಾಡಿದ್ದ. ಕೊನೇ ಸ್ಟಾಪಿನವರೆಗೆ ಹೋಗು, ಮರಗಿಡ ನೋಡು, ಆಟ ಮುಗಿದ ಮೇಲೆ ಬಾ ಅಂತ ಎಲ್ಲರೂ ಹೇಳಿದರು. ಕಂಡಕ್ಟರ್ ಕಿಟಕಿಯಲ್ಲಿ ಆ ಗುಂಪು ನೋಡಿ, "ಯಜಮಾನ್ರೇ, ಪರದೇಶಕ್ಕೆ ಹೊರಟ್ರಾ?" ಅಂದ. ಬಸ್ಸು ಹೊರಟಿತು. ಬೀಗದಯ್ಯ ಕತ್ತು ಹೊರಗೆ ಹಾಕಿ ಕೈ ಬೀಸಿದ. ಬಸ್ಸು ತಿರುವು ದಾಟುವ ಮೊದಲೇ ಅವರೆಲ್ಲ ಬೆನ್ನು ತಿರುಗಿಸಿ ಮನೆ ಕಡೆ ಓಡುತ್ತಿದ್ದರು. ಆಟಕ್ಕೆ ಹೊತ್ತಾಗಿತ್ತು.

ಊರು ದಾಟಿದ ಮೇಲೆ ಹಿಂದಿನ ಸೀಟಿನಿಂದ ಯಾರೋ ಕೂಗಿದರು. "ಅಣ್ಣಾ! ಹಳದಿ ಅಂಗಿ ಅಣ್ಣಾ! ನಮ್ಮೋರಾ? ಬನ್ನಿ ಬನ್ನಿ!"

ಹಿಂದಿನ ಉದ್ದ ಸೀಟು ತುಂಬ ಹಳದಿಯವರು. ಎಲ್ಲಿಗೋ ಕೆಲಸಕ್ಕೆ ಹೊರಟ ಗಾರೆಯವರು. ನಡುವೆ ಒಂದು ಫೋನು, ಫೋನಿನಲ್ಲಿ ಫೈನಲ್. ಬೀಗದಯ್ಯ ಬೇಡ ಬೇಡ ಅನ್ನುತ್ತಿರುವಾಗಲೇ ಎಳೆದು ನಡುವೆ ಕೂರಿಸಿಕೊಂಡರು. ಪಕ್ಕದವನು ಹೆಗಲ ಮೇಲೆ ಕೈ ಹಾಕಿದ. ಇನ್ನೊಬ್ಬ ಮನುಷ್ಯನ ಕೈಗೆ ಇಷ್ಟು ತೂಕ ಇರುತ್ತದೆ ಅನ್ನುವುದು ಬೀಗದಯ್ಯನಿಗೆ ಮರೆತೇ ಹೋಗಿತ್ತು.

"ಯಾವಾಗಿಂದ ಹಳದಿ ಅಣ್ಣಾ ನೀವು?"

"ಹೋದ ಭಾನುವಾರದಿಂದ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಳ್ಳೆಯ ತಮಾಷೆಯ ಮನುಷ್ಯ ಸಿಕ್ಕಿದ ಅಂತ ಬಿಸ್ಕತ್ತು ಕೊಟ್ಟರು. ಬೀಗದಯ್ಯನೂ ಬುತ್ತಿ ಬಿಚ್ಚಿ ಹಂಚಿದ. ಈ ಸಲ ಗೋಡೆ ಅಡ್ಡವಿರಲಿಲ್ಲ.

ಆಗ ಎದುರಿನ ಟೀಮಿನವರು ಗೋಲು ಹೊಡೆದರು.

"ಥೂ! ಇರ್ಲಿ ಇರ್ಲಿ, ಇನ್ನೂ ಟೈಮಿದೆ," ಅಂದ ಪಕ್ಕದವನು, ಹೆಗಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.

ಬೀಗದಯ್ಯ ಫೋನು ನೋಡಿದ. ಹೆಬ್ಬೆರಳುದ್ದದ ಹಳದಿ ಮನುಷ್ಯರು ತಲೆ ತಗ್ಗಿಸಿ ನಡೆಯುತ್ತಿದ್ದರು. ಆಮೇಲೆ ತನ್ನ ಹೆಗಲ ಮೇಲಿನ ಕೈ ನೋಡಿದ. ತೂತಿನಲ್ಲಿ ನೋಡಿದಾಗಲೂ ಗೋಲು ಬಂದಿತ್ತು, ಅದು ಅವನಿಗೆ ಗೊತ್ತು. ತನ್ನಿಂದ ಏನೂ ಆಗುವುದಿಲ್ಲ ಅನ್ನುವುದೂ ಗೊತ್ತು. ಆದರೂ ಯಾಕೆ ಬೇಕು?

ಆ ಕೈಯನ್ನು ಮೆಲ್ಲಗೆ ಎತ್ತಿ ಅದರ ಯಜಮಾನನ ತೊಡೆಯ ಮೇಲಿಟ್ಟ.

"ಕಂಡಕ್ಟರ್, ಇಲ್ಲೇ ಇಳಿಸಿ."

"ಇಲ್ಲಿ ಹುಲ್ಲು ಬಿಟ್ರೆ ಏನೂ ಇಲ್ಲ ಯಜಮಾನ್ರೇ!"

"ಅಣ್ಣಾ, ಮ್ಯಾಚು ಬಿಟ್ಟು ಎಲ್ಲಿಗೆ?" ಅಂದರು ಗಾರೆಯವರು.

"ಮ್ಯಾಚಿಗೋಸ್ಕರವೇ," ಅಂದು ಇಳಿದ.

ಬಸ್ಸು ಹೋಯಿತು. ಧೂಳು ಕೂತಿತು. ಎರಡೂ ಕಡೆ ಬಯಲು. ಬಸ್ಸು ಬಯಲಿನ ಆ ತುದಿ ಮುಟ್ಟುವ ಹೊತ್ತಿಗೆ ಅದರ ಕಿಟಕಿಗಳಿಂದ ಕೈಗಳು, ತಲೆಗಳು, ಒಂದೆರಡು ಅಂಗಿಗಳು ಹೊರಗೆ ಬಂದವು. ಡ್ರೈವರ್ ಹಾರನ್ ಒತ್ತಿದ್ದು ಬಿಡಲೇ ಇಲ್ಲ. ಬೀಗದಯ್ಯನಿಗೆ ಅರ್ಥವಾಯಿತು. ಎರಡೂ ಕೈ ಎತ್ತಿ ಕುಣಿದ. ಅಪ್ಪಿಕೊಳ್ಳಲು ಅತ್ತ ನೋಡಿದ, ಇತ್ತ ನೋಡಿದ. ರಸ್ತೆಯ ಪಕ್ಕ ಒಂದು ಮೈಲಿಗಲ್ಲು ಇತ್ತು. ಅದನ್ನೇ ಅಪ್ಪಿಕೊಂಡ.

ಸ್ವಲ್ಪ ಹೊತ್ತಿಗೆ ಎದುರಿನಿಂದ, ಊರಿನ ಕಡೆ ಹೋಗುವ ಬಸ್ಸು ಬಂತು. ಬಯಲಿನಲ್ಲಿ ಒಂಟಿಯಾಗಿ ನಿಂತ ಮುದುಕನನ್ನು ನೋಡಿ ಕೈ ಮಾಡದಿದ್ದರೂ ನಿಲ್ಲಿಸಿದರು. ಬಾಗಿಲು ತೆರೆಯಿತು. ಒಳಗಿಂದ ಆಟದ ಗದ್ದಲ, ಸೀಟಿನ ತುಂಬ ಜನ, ನಗು.

"ಬನ್ನಿ ತಾತಾ, ಜಾಗ ಇದೆ," ಅಂದ ಆ ಬಸ್ಸಿನ ಕಂಡಕ್ಟರ್.

"ಎಷ್ಟಾಗಿದೆ?" ಅಂತ ಕೇಳಿದ ಬೀಗದಯ್ಯ.

"ಒಂದು ಒಂದು. ಇನ್ನೂ ನಡೀತಿದೆ. ಹತ್ತಿ ಬೇಗ."

ಬೀಗದಯ್ಯ ರಸ್ತೆಯಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ಹುಲ್ಲಿನಲ್ಲಿ ನಿಂತುಕೊಂಡ.

"ನೀವು ಹೋಗ್ಬಿಡಿ," ಅಂದ. "ಆಟ ಮುಗೀಲಿ."