ಪೇಜರಿಗೊಂದು ಕೆಂಪು ದೀಪ

ಕಣ್ಣು ಮಂದವಾದರೆ ಕನ್ನಡಕ ಹಾಕಿಕೊಂಡು ಬೀದಿಯೆಲ್ಲ ತಿರುಗುತ್ತೇವೆ. ಹಲ್ಲು ಬಿದ್ದರೆ ಕಟ್ಟಿಸಿಕೊಂಡು ನಗುತ್ತೇವೆ. ಕಿವಿಯ ವಿಷಯ ಬಂದಾಗ ಮಾತ್ರ, ಜಗತ್ತೇ ಪಿಸುಗುಡಲು ಶುರುಮಾಡಿದೆ ಎಂದು ವಾದಿಸುತ್ತೇವೆ. ನಾನೂ ಎರಡು ವರ್ಷ ವಾದಿಸಿದೆ. ಮೂವತ್ತು ವರ್ಷ ಡ್ರಿಲ್ ಮೇಷ್ಟರಾಗಿದ್ದವನು ನಾನು. ಐದಕ್ಕೆ ಏಳುವುದು, ಐದೂವರೆಗೆ ವ್ಯಾಯಾಮ, ಆರಕ್ಕೆ ಕಾಫಿ, ಆರೂ ಹತ್ತಕ್ಕೆ ಪೇಪರ್. ಇಷ್ಟು ಶಿಸ್ತಿನ ದೇಹದಲ್ಲಿ ಒಂದು ಅಂಗ ಅರ್ಜಿ ಕೊಡದೆ ರಜೆ ಹಾಕಿದರೆ ಒಪ್ಪುವುದು ಹೇಗೆ?

ಮಗಳು ಶುಭಾ ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಊರಿಗೆಲ್ಲ ಮೊಬೈಲ್ ಬಂದಮೇಲೂ ಅಲ್ಲಿನವರು ತುರ್ತು ಕರೆಗೆ ಬೀಪ್ ಎನ್ನುವ ಪುಟ್ಟ ಪೇಜರ್ ಬಿಟ್ಟಿರಲಿಲ್ಲ. ಇವಳಿಗೆ ಸಿಕ್ಕಿದ್ದರಲ್ಲಿ ಬೀಪ್ ಸತ್ತು, ಬರೀ ಗುರ್ರೆನ್ನುವ ನಡುಕ ಉಳಿದಿತ್ತು. ಅದು ನಡುಗಿದರೆ ಅವಳು ಗಂಗಾನಗರದ ನಮ್ಮ ಮನೆಯಿಂದ ತಕ್ಷಣ ಓಡಬೇಕು. ಅವಳು ಸ್ನಾನಕ್ಕೆ ಹೋದಾಗ ಪೇಜರ್ ಊಟದ ಮೇಜಿನ ಮೇಲೆ, ಕಾವಲಿಗೆ ನಾನು. ನಿವೃತ್ತಿಯಾದ ಮೇಲೆ ಮನೆಯವರು ನನ್ನನ್ನು ನಂಬಿ ಕೊಟ್ಟಿದ್ದ ಕೆಲಸ ಅದೊಂದೇ.

ಒಂದು ಬೆಳಿಗ್ಗೆ ನಾನು ಎದುರಿಗೇ ಕೂತಿದ್ದರೂ ಕರೆ ತಪ್ಪಿಹೋಯಿತು. ಶುಭಾ ತಡವಾಗಿ ಹೋಗಿ ದೊಡ್ಡ ಡಾಕ್ಟರಿಂದ ಬೈಸಿಕೊಂಡು ಬಂದಳು.

“ಅದು ನಡುಗಲೇ ಇಲ್ಲ” ಎಂದೆ.

“ಸಕ್ಕರೆ ಡಬ್ಬಿ ಹತ್ರ ಇಟ್ಟಿದ್ದು ಉಪ್ಪಿನಕಾಯಿ ಜಾಡಿ ಹತ್ರ ಸಿಕ್ತು ಕಣ್ರೀ. ಕಾಲು ಬಂತಾ ಅದಕ್ಕೆ?” ಎಂದಳು ಹೆಂಡತಿ ಸರೋಜ. “ನಾಳೆಯಿಂದ ನಾನೇ ನೋಡ್ಕೋತೀನಿ ಬಿಡಿ.”

ಕೆಲಸ ಕೈತಪ್ಪುವ ಹಾಗಾಯಿತು. “ಶಬ್ದವನ್ನು ನಂಬಲೇಬಾರದು, ದೀಪ ಬೇಕು” ಎಂದು ಸಾರಿ, ಆರ್.ಟಿ. ನಗರದ ರೇಡಿಯೊ ರಿಪೇರಿ ನಜೀರ್ ಸಾಹೇಬರ ಹತ್ತಿರ ಹೋದೆ. ನನ್ನ ಯೋಜನೆ ಇಷ್ಟು: ಬಾಲ್‌ಪೆನ್ನಿನ ಸ್ಪ್ರಿಂಗನ್ನು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ತಾಮ್ರದ ತಂತಿಯ ಬಳೆ ಕಟ್ಟುವುದು. ಅದೇ ಹಲಗೆಯ ಮೇಲಿಟ್ಟ ಪೇಜರ್ ನಡುಗಿದರೆ ಸ್ಪ್ರಿಂಗ್ ತೂಗಾಡಿ ಬಳೆಗೆ ತಾಗಬೇಕು, ಕೆಂಪು ಬಲ್ಬು ಹತ್ತಬೇಕು, ಗುಂಡಿ ಒತ್ತುವವರೆಗೆ ಆರಬಾರದು. ಸಾಹೇಬರು ಬೆಸುಗೆ ಹಾಕುತ್ತಾ, “ಪೇಜರ್ ಕೇಳಿಸ್ದೇ ಇರೋದು ಯಾರಿಗೆ ಸಾರ್?” ಎಂದರು.

“ಮಗಳಿಗೆ” ಎಂದೆ.

“ಸರಿ ಬಿಡಿ. ಇದನ್ನೇ ನಿಮ್ಮನ್ನ ಮೂರು ಸಲ ಕೇಳ್ಬೇಕಾಯ್ತು” ಎಂದರು.

ಮೊದಲ ದಿನ ಪೇಜರ್ ತೆಪ್ಪಗಿತ್ತು, ದೀಪ ಮಾತ್ರ ಹತ್ತಿತು. ಬಚ್ಚಲ ಬಾಗಿಲು ಬಡಿದೆ. ತಲೆಗೆ ಸೀಗೆಪುಡಿ ಮೆತ್ತಿಕೊಂಡೇ ಓಡಿಬಂದ ಶುಭಾಳಿಗೆ ಕಂಡದ್ದು ಮೇಜಿನ ಮೇಲೆ ಕಾಯಿಚಟ್ನಿ ರುಬ್ಬುತ್ತಿದ್ದ ಮಿಕ್ಸಿ. ಎರಡನೆಯ ದಿನ ಸರೋಜ ಅದೇ ಮೇಜಿನ ಮೇಲೆ ಪೂರಿ ಹಿಟ್ಟು ನಾದಿದಳು, ದೀಪ ಹತ್ತಿತು. ಮೂರನೆಯ ದಿನ ನಾನೇ ಸೀನಿದೆ. ಕೊನೆಗೆ ಸ್ಪ್ರಿಂಗನ್ನು ಬಿಗಿಮಾಡಿ, ಹಲಗೆಯ ಕೆಳಗೆ ಹಳೇ ಸೈಕಲ್ ಟ್ಯೂಬ್ ಹಾಸಿ, ಭಾನುವಾರ ತಾಯಿ ಮಗಳಿಬ್ಬರನ್ನೂ ಪರೀಕ್ಷೆಗೆ ಕರೆದೆ. ಶುಭಾ ಆಸ್ಪತ್ರೆಗೆ ಫೋನ್ ಮಾಡಿ ಕರೆ ಕಳಿಸಿ ಅಂದಳು. ದೀಪ ಝಗ್ಗೆಂದಿತು. ನಾನು ಎದೆಯುಬ್ಬಿಸಿ ನಿಂತೆ.

“ಇನ್ನೊಂದ್ಸಲ ನೋಡೋಣಪ್ಪ” ಎಂದು ಗುಂಡಿ ಒತ್ತಿ ದೀಪ ಆರಿಸಿ, ಬಲ್ಬಿನ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿ, ಆಸ್ಪತ್ರೆಗೆ ಮತ್ತೆ ಫೋನ್ ಮಾಡಿದಳು. ಕಾದೆವು. ನಾನು ಕಾಫಿ ಮುಗಿಸಿ, “ಇವರೇನು ಆಸ್ಪತ್ರೆಯವರೋ, ಇನ್ನೂ ಕಳಿಸಿಲ್ಲ” ಎಂದೆ. ಶುಭಾ ಲೋಟ ಎತ್ತಿದಳು. ಒಳಗೆ ಕೆಂಪಗೆ ಉರಿಯುತ್ತಿತ್ತು.

“ಬಂದು ಎರಡು ನಿಮಿಷ ಆಯ್ತು” ಎಂದಳು ಸರೋಜ. ಮೆಲ್ಲಗೇ ಹೇಳಿದಳು, ತುಟಿ ನೋಡಿ ಅರ್ಥವಾಯಿತು.

ನನ್ನ ಕೆಲಸವನ್ನು ಅವರು ಕಿತ್ತುಕೊಳ್ಳಲಿಲ್ಲ, ಅದು ನಿಜ. ದೀಪ ಇರುವಷ್ಟು ದಿನ ಅಪ್ಪನೇ ಕಾವಲಿಗಿರಲಿ ಎಂದು ಶುಭಾ ತೀರ್ಪು ಕೊಟ್ಟಳು. ಆದರೆ ಸರೋಜ ಅದೇ ವಾರ ನಜೀರ್ ಸಾಹೇಬರನ್ನು ಕರೆಸಿ, ನಾನು ಕೂರುವ ಮುಂದಿನ ಕೋಣೆಗೂ ಒಂದು ಬಲ್ಬು ಎಳೆಸಿದಳು. ಈಗ ಅವಳು ಮೇಜಿಗೆ ಜೋರಾಗಿ ಒಂದು ಗುದ್ದು ಕೊಟ್ಟರೆ ಸಾಕು, ನನ್ನ ಮೂಗಿನೆದುರು ಕೆಂಪು ದೀಪ: ತರಕಾರಿ ಹೆಚ್ಚಬೇಕು, ಇಲ್ಲವೇ ಹಾಲು ತರಬೇಕು. ಹೆಂಡತಿ ಕರೆದದ್ದು ಕೇಳಿಸಲಿಲ್ಲ ಎನ್ನುವುದು ಮುದುಕನಿಗೆ ದೇವರು ತಾನಾಗಿ ಕೊಟ್ಟ ವರ. ಅದನ್ನು ನಾನು ಸ್ಪ್ರಿಂಗು ಹುಡುಕಿ, ತಂತಿ ಸುತ್ತಿ, ಕೈಯಾರೆ ವಾಪಸ್ ಕಳಿಸಿದೆ.