ಜೇಬಿನಲ್ಲಿದ್ದ ವಾಲ್ಯೂಮು

ನೀಲಮ್ಮನವರ ಕಿವಿ ಮಂದವಾದಷ್ಟೂ ಅಗ್ರಹಾರದ ಆ ಬೀದಿಗೆಲ್ಲ ಧಾರಾವಾಹಿಗಳು ಸ್ಪಷ್ಟವಾಗಿ ಕೇಳತೊಡಗಿದವು. ಮಗ ಮಹದೇವಪ್ರಸಾದ್ ಹೆಬ್ಬಾಳದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಹಜಾರದಲ್ಲಿ ಅತ್ತೆಯೊಬ್ಬಳು ಸೊಸೆಗೆ ಶಾಪ ಹಾಕಲು ಶುರುಮಾಡುತ್ತಿದ್ದಳು. ಸೌಂಡು ತಗ್ಗಿಸೋಣವೆಂದರೆ ಟಿವಿ ರಿಮೋಟು ಅಮ್ಮನ ಎಲೆಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಭದ್ರ.

ಹೋಮ್ ಥಿಯೇಟರ್ ರಿಸೀವರ್ ತರುವ ಉಪಾಯ ಹೊಳೆದದ್ದು ಆಗ. ಟಿವಿಯ ಶಬ್ದವೆಲ್ಲ ಆ ಪೆಟ್ಟಿಗೆಯಿಂದಲೇ ಹೊರಟರೆ, ಅದರ ರಿಮೋಟು ಯಾರ ಜೇಬಿನಲ್ಲೋ ಮನೆಯ ನಿದ್ದೆ ಅವರದು. ಅಮ್ಮನಿಗೆ ಮಾತ್ರ, "ನಿಂಗೆ ಚೆನ್ನಾಗಿ ಕೇಳ್ಲಿ ಅಂತ ಕಣಮ್ಮ" ಎಂದ.

ಶನಿವಾರ ಪಾಳಿ ಮುಗಿಸಿ ಬಂದವನೇ ನಿದ್ದೆಗಣ್ಣಲ್ಲಿ ಅಂಗಡಿಗೆ ಹೊರಟ. ಅಮ್ಮ ಸೀರೆ ಬದಲಿಸಿ ನಿಂತಿದ್ದರು. ಅವರ ಹಿಂದೆ ಎದುರುಮನೆಯ ರುದ್ರಸ್ವಾಮಿ. ರಿಟೈರಾದ ಮೇಲೆ, ಬೀದಿಯಲ್ಲಿ ಯಾರು ಏನು ಕೊಂಡರೂ ಆರಿಸಿಕೊಡುವುದೇ ಅವರ ಉದ್ಯೋಗ.

"ನಮ್ಮನೇಲಿ ಯುಗಾದಿಗೇ ಇಂಥದ್ದು ತಂದಾಯ್ತಲ್ಲಯ್ಯ. ಒಬ್ನೇ ಹೋದ್ರೆ ನಿಂಗೆ ಯಾವ್ದಾದ್ರೂ ಡಬ್ಬ ಕಟ್ಬುಡ್ತಾರೆ!"

ಅರಸು ರಸ್ತೆಯ ಅಂಗಡಿಯಲ್ಲಿ ರುದ್ರಸ್ವಾಮಿ ರಿಸೀವರುಗಳನ್ನು ಹಲಸಿನಹಣ್ಣಿನಂತೆ ತಟ್ಟಿ ನೋಡಿದರು. ಎಲ್ಲಕ್ಕಿಂತ ಭಾರದ್ದನ್ನು ಎತ್ತಿ ಹಿಡಿದು, "ತೂಕ ಇದ್ರೇ ಮಾಲು" ಎಂದರು.

"ಫೈವ್ ಪಾಯಿಂಟ್ ಒನ್ ಅಮ್ಮ," ಎಂದ ಸೇಲ್ಸ್‌ಮನ್ ಪುನೀತ್. "ಐದು ಸ್ಪೀಕರು, ಧಂ ಅನ್ನೋಕೆ ಇನ್ನೊಂದು."

"ಐದು ಅಂತ್ಲೇ ಇಟ್ಕೊಳಪ್ಪ, ಆ ಪಾಯಿಂಟು ಚಿಲ್ರೆ ಬುಟ್ಬುಡು," ಎಂದು ನೀಲಮ್ಮ ಚೌಕಾಸಿಗಿಳಿದರು.

ಮಹದೇವಪ್ರಸಾದ್ ಕೇಳಿದ್ದು ಒಂದೇ. "ಟಿವಿ ರಿಮೋಟಲ್ಲಿ ಇದರ ಸೌಂಡು ಏರಿಸಬಹುದಾ?"

"ಆಗಲ್ಲ ಸರ್. ಇದರ ರಿಮೋಟೇ ಬೇಕು."

ಅವನ ಮುಖ ಅರಳಿತು. ನೀಲಮ್ಮ ಆ ಮುಖ ನೋಡಿದರು, ಆಮೇಲೆ ರುದ್ರಸ್ವಾಮಿಯ ಮುಖ ನೋಡಿದರು. ರುದ್ರಸ್ವಾಮಿ ಭಾರದ ಪೆಟ್ಟಿಗೆಯನ್ನು ಕೆಳಗಿಟ್ಟು, ಮೂಲೆಯಲ್ಲಿದ್ದ ಬೂದು ಬಣ್ಣದ್ದರ ಮೇಲೆ ಕೈಯಿಟ್ಟರು.

"ಇದೇ ಸರಿ. ನಮ್ಮನೇದೂ ಇದೇ."

"ಈಗ ತಾನೇ ತೂಕ ಅಂದ್ರಲ್ಲ?"

"ತೂಕ ನೋಡಿ ತಗೊಳ್ಳೋಕೆ ಇದೇನು ಕುಂಬಳಕಾಯೇನಯ್ಯ?"

ನಿದ್ದೆ ಎಳೆಯುತ್ತಿತ್ತು. ಒಪ್ಪಿದ.

ಮನೆಯಲ್ಲಿ ಅದನ್ನು ಎಲ್ಲಿಡಬೇಕೆಂದೂ ರುದ್ರಸ್ವಾಮಿಯೇ ಹೇಳಿದರು. "ಬೀದಿ ಬಾಗಿಲಿಗೆ ಮುಖ ಮಾಡಿಡು. ಬಿಸಿ ಆಗೋ ಸಾಮಾನು, ಗಾಳಿ ಆಡ್ಬೇಕು." ಮಹದೇವಪ್ರಸಾದ್ ವೈರು ಎಳೆದು, ಟಿವಿಯ ಸ್ವಂತ ಸ್ಪೀಕರನ್ನು ಮೆನುವಿನಲ್ಲಿ ಹುಡುಕಿ ಬಂದ್ ಮಾಡಿ, ರಿಸೀವರಿನ ಸೌಂಡನ್ನು ಪಿಸುಮಾತಿಗೆ ಇಳಿಸಿ, ರಿಮೋಟು ಜೇಬಿಗಿಟ್ಟು ಮಲಗಿದ.

ಕಣ್ಣು ಹತ್ತಿತಷ್ಟೆ. ಸೊಸೆಗೆ ಶಾಪ ಐದೂ ದಿಕ್ಕಿನಿಂದ ಬಂತು, ಜೊತೆಗೆ ಧಂ.

ಎದ್ದು ಬಂದ. ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದರು, ಎರಡು ಕೈಗೂ ಕೆಲಸ. ತಗ್ಗಿಸಿ ಹೋಗಿ ಮಲಗಿದ. ಮತ್ತೆ ಧಂ. ಪೆಟ್ಟಿಗೆ ಕೆಟ್ಟಿರಬೇಕೆಂದು ಅದರ ಹಿಂದೆ ಬಗ್ಗಿ ವೈರು ಅಲ್ಲಾಡಿಸಿದ. ಈ ಸಲ ತಗ್ಗಿಸಿ, ಕೋಣೆಯ ಬಾಗಿಲ ಮರೆಯಲ್ಲಿ ನಿಂತು ನೋಡಿದ.

ನೀಲಮ್ಮ ಪರದೆಯಿಂದ ಕಣ್ಣು ಕೀಳದೆ ಬೀದಿಯ ಕಡೆಗೆ ಕೂಗಿದರು. "ರುದ್ರಸ್ವಾಮಿಯೋರೇ, ಇನ್ನೊಂದ್ ಚೂರು!"

ಎರಡು ಮಾರಿನ ಬೀದಿಯಾಚೆ, ಜಗಲಿಯ ಮೇಲೆ ರಿಮೋಟು ಹಿಡಿದ ಕೈಯೊಂದು ಎದ್ದಿತು. ಧಂ.

"ಏನ್ ಸ್ವಾಮಿ ಇದು?" ಎಂದು ಅವನು ಹಜಾರಕ್ಕೆ ಬಂದು ಕೂಗಿದ.

"ನಮ್ಮನೇಲಿ ಸೊಸೆ ಸೌಂಡೇ ಏರಿಸೋಕೆ ಬುಡಲ್ಲ ಕಣಯ್ಯ. ರಿಮೋಟು ಸುಮ್ನೆ ಬಿದ್ದಿತ್ತು. ಇಲ್ಲಿಗೂ ಕೇಳುತ್ತೆ, ಚೆನ್ನಾಗಿದೆ!"

ಮಹದೇವಪ್ರಸಾದ್ ದುಡುದುಡು ಹೋಗಿ ಬೀದಿ ಬಾಗಿಲು ಮುಚ್ಚಲು ಕೈ ಹಾಕಿದ.

"ಹಾಕ್ಬೇಡ್ವೋ!" ಅಂದರು ಅಮ್ಮ. "ಅಷ್ಟು ದುಡ್ಡು ಕೊಟ್ಟು ತಂದಿದ್ದೀಯ. ಬಿಸಿಯಾಗಿ ಸುಟ್ಟೋಗ್ಲಿ ಅಂತಾನಾ?"