ಯಾರು ಹೋದ್ರು?

ಬಳ್ಳಾರಿ ಸತ್ಯನಾರಾಯಣಪೇಟೆಯ ಸಿದ್ದಲಿಂಗೇಶ ತನ್ನ ಕರೀ ಪೆಟ್ಟಿಗೆ ಹೆಗಲಿಗೇರಿಸಿ ಹೊಸ್ತಿಲು ದಾಟಿದನೆಂದರೆ ಸಾಕು, ಓಣಿಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದರು. ಅವತ್ತು ಅವನು ಹೊಸ ಅಂಗಿ ತೊಟ್ಟಿದ್ದ, ಹಣೆಗೆ ವಿಭೂತಿ ಹಚ್ಚಿದ್ದ, ಮದುವೆ ಗಂಡಿನಂತೆ ತಲೆ ಬಾಚಿದ್ದ. ಆದರೂ ಎದುರುಮನೆಯ ಸಾವಂತ್ರಮ್ಮ ರಂಗೋಲಿ ಬಟ್ಟಲು ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು ಕೇಳಿಯೇ ಬಿಟ್ಟಳು.

"ಯಾರು ಹೋದ್ರೋ, ಸಿದ್ದಲಿಂಗಾ?"

"ಯಾರೂ ಹೋಗಿಲ್ಲಬೇ ಯವ್ವ. ಶುಭಕಾರ್ಯಕ್ಕ ಹೊಂಟೀನಿ."

"ಶುಭಕಾರ್ಯಕ್ಕ ಆ ಪೆಟಿಗಿ ಯಾಕ ಬೇಕೋ?" ಎಂದು ಸಾವಂತ್ರಮ್ಮ ನಂಬದೆ ನಿಟ್ಟುಸಿರುಬಿಟ್ಟಳು. "ಇರಲಿ, ಶಿವ ಅವರ ಆತ್ಮಕ್ಕ ಶಾಂತಿ ಕೊಡಲಿ."

ಅವಳದೇನೂ ತಪ್ಪಿಲ್ಲ ಬಿಡಿ. ಆ ಪೆಟ್ಟಿಗೆಯಲ್ಲಿದ್ದದ್ದು ಪೆಡಲ್ ಸ್ಟೀಲ್ ಗಿಟಾರು. ಕೊರಳಿಗೆ ತಗುಲಿಹಾಕಿಕೊಂಡು ಕುಣಿಯುವ ಗಿಟಾರಲ್ಲ ಇದು. ನಾಲ್ಕು ಕಾಲೂರಿ ಮೇಜಿನ ಹಾಗೆ ನಿಲ್ಲುತ್ತದೆ. ಮೇಲೆ ಹತ್ತು ತಂತಿ, ಕೆಳಗೆ ಹೊಲಿಗೆ ಮಿಷಿನ್ನಿನ ಹಾಗೆ ಕಾಲಲ್ಲಿ ಒತ್ತುವ ಪೆಡಲು. ಬಲಗೈಯಲ್ಲಿ ಮೀಟುತ್ತ, ಎಡಗೈಯಲ್ಲಿ ಹೆಬ್ಬೆರಳು ಗಾತ್ರದ ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ಚೆನ್ನೈಯಲ್ಲಿ ಸಿನಿಮಾ ಸ್ಟುಡಿಯೋ ಬಿಟ್ಟ ಮುದುಕರೊಬ್ಬರಿಂದ ಸಿದ್ದಲಿಂಗೇಶ ಅದನ್ನು ಕೊಂಡು, ಅವರ ಬಳಿಯೇ ಕಲಿತು ಬಂದಿದ್ದ. ಬಂದವನು ಮದುವೆಗಳಲ್ಲಿ ಮೆರೆಯಬೇಕೆಂದಿದ್ದ. ಆದರೆ ಪೆಡಲು ಒತ್ತಿದರೆ ಆ ತಂತಿ ಎಳೆದೆಳೆದು ಅಳುತ್ತದೆ. ಹಲಕುಂದಿಯ ದೊಡ್ಡ ಮನುಷ್ಯರೊಬ್ಬರ ಅಂತ್ಯಯಾತ್ರೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತು ಅವನು ಮೊದಲ ಸಲ ಬಾರಿಸಿದಾಗ, ಸತ್ತವರ ಮೇಲೆ ಕೋರ್ಟಿನಲ್ಲಿ ಕೇಸು ಹಾಕಿದ್ದ ತಮ್ಮನೂ ಬಿಕ್ಕಿ ಬಿಕ್ಕಿ ಅತ್ತಿದ್ದ. ಅಲ್ಲಿಗೆ ಸಿದ್ದಲಿಂಗೇಶನ ಹಣೆಬರಹ ಬರೆದಾಯಿತು. ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಯಾರೇ ತೀರಿಕೊಂಡರೂ ಮೊದಲ ಫೋನು ಅವನಿಗೆ, ಎರಡನೆಯದು ಬೀಗರಿಗೆ.

ಇದರಿಂದ ಅವನ ಲಗ್ನವೇ ನಿಂತುಹೋಗಿತ್ತು. ಜೀನ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಕುರುಗೋಡಿನ ದಾಕ್ಷಾಯಣಿ ಅವನನ್ನು ಮೆಚ್ಚಿದ್ದಳು. "ನಮ್ಮ ಮಿಷಿನ್ನಿಗೆ ಒಂದ ಪೆಡಲ್ಲು, ನಿಮ್ಮದಕ್ಕ ಮೂರು. ನಾ ಸೋತೆ ಬಿಡ್ರಿ" ಎಂದು ನಕ್ಕವಳು ಅವಳು. ಆದರೆ ಅವಳ ತಾಯಿ ಗುರುಬಸಮ್ಮ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದಳು: "ಸಾವಿನ ಮನಿ ವಾದ್ಯದವಗ ನಾ ಹೆಣ್ಣು ಕೊಡಂಗಿಲ್ಲ." ಅತ್ತೂ ಕರೆದೂ ದಾಕ್ಷಾಯಣಿ ಒಂದು ಅವಕಾಶ ಗಿಟ್ಟಿಸಿದ್ದಳು. ಅವಳ ತಾತ ಕೊಟ್ಟೂರಪ್ಪನವರಿಗೆ ಅಂದು ತೊಂಬತ್ತು ತುಂಬುತ್ತಿತ್ತು. ಆ ಹುಟ್ಟುಹಬ್ಬದಲ್ಲಿ ಸಿದ್ದಲಿಂಗೇಶ ಬಾರಿಸಬೇಕು, ನಾಲ್ಕು ಜನ ನಗಬೇಕು. ನಕ್ಕರೆ ಹೆಣ್ಣು, ಇಲ್ಲದಿದ್ದರೆ ಇಲ್ಲ.

ಬಸ್ಸಿನಲ್ಲಿ ಅವನ ಪಕ್ಕ ಬಂದು ಕೂತವನು ಕರೂರಿನ ಹುಲುಗೇಶ, ಕೊಟ್ಟೂರಪ್ಪನವರ ಗದ್ದೆಯನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುವವನು. ಪೆಟ್ಟಿಗೆ ನೋಡಿದ್ದೇ ತಲೆಯ ಟವೆಲ್ಲು ಕೈಗೆ ತೆಗೆದುಕೊಂಡ.

"ಯಾರು ಹೋದ್ರಣ್ಣ?"

"ಯಾರೂ ಇಲ್ಲಪ. ಕುರುಗೋಡಿಗೆ, ಕೊಟ್ಟೂರಪ್ಪಾರ ಮನಿಗೆ ಹೊಂಟೀನಿ."

"ಅಯ್ಯೋ ಶಿವನೇ, ನಮ್ಮ ಯಜಮಾನ್ರಾ?"

"ಹಂಗಲ್ಲೋ ಮಾರಾಯ, ಇವತ್ತ ಅವರ ಹುಟ್ಟಿದಬ್ಬ."

"ಹುಟ್ಟಿದ ದಿನಾನ ಹೋದ್ರಾ?" ಹುಲುಗೇಶ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ಎಂಥಾ ಪುಣ್ಯವಂತ್ರು ನೋಡಣ್ಣ. ಲೆಕ್ಕ ಸರಿ ಮಾಡಿಕೊಂಡು ಹೋದ್ರು."

ಸಿದ್ದಲಿಂಗೇಶ ಬಾಯಿ ತೆರೆಯುವುದರೊಳಗೆ ಹುಲುಗೇಶ ಅವನನ್ನು ತಬ್ಬಿಕೊಂಡು ಹೋ ಎಂದು ಅಳಲು ಶುರುಮಾಡಿದ. ಅವನ ತೋಳಿನಿಂದ ಬಿಡಿಸಿಕೊಳ್ಳುವ ಹೊತ್ತಿಗೆ ಬಸ್ಸಿನವರೆಲ್ಲ ಚ್ಚ್ ಚ್ಚ್ ಎನ್ನುತ್ತಿದ್ದರು. ಹುಲುಗೇಶ ಕರೂರಿಗೆ ಫೋನು ಹಚ್ಚಿದ, ಸಿರುಗುಪ್ಪಕ್ಕೆ ಹಚ್ಚಿದ. "ಸುಳ್ಳಲ್ಲಪ, ಪೆಡಲ್ ಸಿದ್ದಲಿಂಗಣ್ಣ ನನ್ನ ಬಾಜೂಕ ಕುಂತಾನ" ಎಂದಮೇಲೆ ಇನ್ನು ಯಾರಿಗೆ ಸಂಶಯ? ಅಷ್ಟರಲ್ಲಿ ಬಸ್ಸು ಪಂಕ್ಚರ್ ಆಗಿ ಬೇವಿನ ಮರದ ಕೆಳಗೆ ನಿಂತಿತು. ಸುದ್ದಿಗೇನು ಪಂಕ್ಚರ್ ಆಗುತ್ತದೆಯೇ? ಸ್ವಲ್ಪ ಹೊತ್ತಿಗೆ ಸಿದ್ದಲಿಂಗೇಶನ ಮೊಬೈಲಿಗೇ ಕೊಟ್ಟೂರಪ್ಪನವರ ಫೋಟೋ ಬಂತು. ಮೂಲೆಯಲ್ಲಿ ದೀಪ, ಕೆಳಗೆ 'ಲಿಂಗೈಕ್ಯರಾದರು' ಎಂಬ ದೊಡ್ಡ ಅಕ್ಷರ. ದಾಕ್ಷಾಯಣಿಗೆ ಫೋನು ಮಾಡಿದರೆ ಎಂಗೇಜು. ಸಂತಾಪ ಹೇಳುವವರ ಸಾಲು ಅಷ್ಟಿತ್ತು.

ಅವನು ಕುರುಗೋಡು ಮುಟ್ಟಿದಾಗ ಕೊಟ್ಟೂರಪ್ಪನವರ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಶಾಮಿಯಾನದಡಿ ಬಲೂನು ಕಟ್ಟಿತ್ತು. ಬಲೂನಿನಡಿ ಜನ ಹಾರ ಹಿಡಿದು ನಿಂತಿದ್ದರು. ನಡುವೆ, ಕಟ್ಟೆಯ ಮೇಲೆ, ಹೊಸ ಧೋತ್ರ ಉಟ್ಟು ಕೊಟ್ಟೂರಪ್ಪನವರೇ ಕೂತಿದ್ದರು. ಬಾಯಲ್ಲಿ ಹಲ್ಲೊಂದಿಲ್ಲ ಎನ್ನುವುದು ಬಿಟ್ಟರೆ ಆಳು ಗರಡಿಯಿಂದ ಈಗ ಎದ್ದು ಬಂದಂತಿದ್ದರು. ಕೊರಳಲ್ಲಿ ಆಗಲೇ ಏಳೆಂಟು ಹಾರ.

"ಹಾಕ್ರೋ, ನಾಚಿಕೋಬ್ಯಾಡ್ರಿ. ತಂದ ಹಾರ ಯಾಕ ಬಾಡಿಸ್ತೀರಿ" ಎಂದು ಅವರೇ ತಲೆ ಬಾಗಿಸುತ್ತಿದ್ದರು.

ಆಗ ಕರೂರಿನ ಪಂಪಾವತಿ ಟಂಟಂ ಆಟೋದಿಂದ ಇಳಿದಳು. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಅವಳ ಸಮ ಇಲ್ಲ. ಕಣ್ಣು ಮುಚ್ಚಿಕೊಂಡೇ ಬಂದು ಕಟ್ಟೆಯ ಬುಡದಲ್ಲಿ ಕುಸಿದು ಶುರುಮಾಡಿದಳು. "ಬರಗಾಲದಾಗ ಗಂಜಿ ಹೊಯ್ದ ಕೈಯೋ ನನ್ನಪ್ಪಾ, ಸಾಲಿ ಕಟ್ಟಾಕ ಜಾಗ ಕೊಟ್ಟ ದೊರಿಯೋ..."

ಕೊಟ್ಟೂರಪ್ಪನವರು ಕಣ್ಣರಳಿಸಿ ಕೇಳಿದರು, ತಲೆದೂಗಿದರು. ಕೊನೆಗೆ ತಡೆಯಲಾರದೆ ಬಗ್ಗಿ, "ಊರಬಾವಿ ತೋಡಿಸಿದ್ದು ಬಿಟ್ಟಿ ನೋಡವ್ವ" ಎಂದರು.

"ಊರಬಾವಿ ತೋಡಿಸಿದ ಪುಣ್ಯಾತ್ಮಾ" ಎಂದು ಸೇರಿಸಿ ಪಂಪಾವತಿ ಕಣ್ಣು ಬಿಟ್ಟಳು. ಆಮೇಲೆ ಅವಳಿಗೆ ನೀರು ಚಿಮುಕಿಸಬೇಕಾಯಿತು.

ಇಷ್ಟರಲ್ಲಿ ಗುರುಬಸಮ್ಮನ ಕಣ್ಣಿಗೆ ಕರೀ ಪೆಟ್ಟಿಗೆ ಬಿತ್ತು. "ಬಂದ್ಯಾ ಮಹಾರಾಯ? ಬದುಕಿರೋ ಮನುಷ್ಯಾಗ ಊರತುಂಬ ಹಾರ ಹಾಕಿಸಿದಿ. ಹೆಣ್ಣಿರಲಿ, ನಿನಗ ಈ ಮನ್ಯಾಗ ನೀರೂ ಹುಟ್ಟಂಗಿಲ್ಲ. ನಡಿ."

ಬಾಗಿಲಲ್ಲಿ ನಿಂತ ದಾಕ್ಷಾಯಣಿಯ ಕಣ್ಣು ತುಂಬಿತು. ಸಿದ್ದಲಿಂಗೇಶ ಪೆಟ್ಟಿಗೆ ಹೆಗಲಿಗೇರಿಸಿ ತಿರುಗಿದ.

"ನಿಂದ್ರಲೇ" ಎಂದರು ಕೊಟ್ಟೂರಪ್ಪನವರು. "ಗುರುಬಸವ್ವ, ಅವನ ಪುಣ್ಯದಿಂದ ಇಷ್ಟು ಜನ ಕೂಡ್ಯಾರ. ಹಿಂದಿನ ವರ್ಷ ಹುಟ್ಟಿದಬ್ಬಕ್ಕ ಬಾ ಅಂದಾಗ ಒಬ್ಬರೂ ಬಂದಿದ್ದಿಲ್ಲ. ಅವ ಬಾರಿಸಲಿ."

ಸಿದ್ದಲಿಂಗೇಶ ಗಡಬಡಿಸಿ ಗಿಟಾರಿನ ಕಾಲು ತಿರುವಿ ಕೂಡಿಸಿದ, ಪೆಡಲು ಸಿಕ್ಕಿಸಿದ, ಶಾಮಿಯಾನದ ಸ್ಪೀಕರಿಗೆ ವೈರು ಕೊಟ್ಟ. ಎಡಗೈ ಜೇಬಿಗೆ ಹೋಯಿತು, ಜೇಬು ಖಾಲಿ. ಉಕ್ಕಿನ ತುಂಡು ಇರಲಿಲ್ಲ. ಬಸ್ಸಿನಲ್ಲಿ ಹುಲುಗೇಶ ತಬ್ಬಿ ಅತ್ತಾಗಲೇ ಜಾರಿಬಿದ್ದಿರಬೇಕು. ಅದಿಲ್ಲದೆ ಈ ಗಿಟಾರು ಬರೀ ತಂತಿ ಕಟ್ಟಿದ ಮೇಜು. ಜನ ಕಾಯುತ್ತಿದ್ದರು, ಗುರುಬಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನು ಕಣ್ಣಾಡಿಸಿದ. ಕೊಟ್ಟೂರಪ್ಪನವರ ಪಕ್ಕದಲ್ಲಿ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ ಇತ್ತು, ಅದರೊಳಗೆ ತೊಂಬತ್ತು ವರ್ಷದ ಕೈಯಲ್ಲಿ ಸವೆದು ಫಳಫಳ ಹೊಳೆಯುವ ಕಬ್ಬಿಣದ ಕೋಲು.

"ತಾತಾರ, ಅದೊಂದು ಕೊಡ್ರಿ."

"ನನ್ನ ಹಲ್ಲು ಕೇಳ್ತೀಯಲ್ಲೋ" ಎಂದರೂ ಧೋತ್ರದಲ್ಲಿ ಒರೆಸಿ ಕೊಟ್ಟರು.

ಮೊದಲ ಸ್ವರ ರೂಢಿಯಂತೆ ಅಳುತ್ತಲೇ ಬಂತು. ಪಂಪಾವತಿ ಮತ್ತೆ ಸೆರಗು ಕೈಗೆ ತೆಗೆದುಕೊಂಡಳು. ಸಿದ್ದಲಿಂಗೇಶ ಹಲ್ಲು ಕಚ್ಚಿ ಕೋಲಾಟದ ಧಾಟಿ ಹಿಡಿದ. ಪೆಡಲನ್ನು ಒತ್ತಿ ಹಿಡಿಯಲಿಲ್ಲ; ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. ಎಳೆದು ಅಳುತ್ತಿದ್ದ ತಂತಿ ಈಗ ತಡೆತಡೆದು ಕುಲುಕುಲು ನಗತೊಡಗಿತು. ಅಡಿಕೆ ಚೂರು ಅಂಟಿದ್ದ ಕೋಲು ತಂತಿಯ ಮೇಲೆ ಚಿನ್ನಾಟವಾಡಿತು. ಹುಲುಗೇಶ ಮೊದಲು ಕಾಲು ಕುಣಿಸಿದ. ಸಿರುಗುಪ್ಪದ ಬೀಗರು ಹಾರ ಬೀಸಿದರು. ಪಂಪಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೇಬಿಟ್ಟಳು. ಕೊಟ್ಟೂರಪ್ಪನವರು ಏಳೆಂಟು ಹಾರಗಳ ಸಮೇತ ಅಂಗಳಕ್ಕಿಳಿದು ಕುಣಿದರು. ಅಳಲು ಬಂದ ಊರಿಗೆ ಊರೇ ನಕ್ಕು ನಕ್ಕು ಬೆವರಿತು. ಸಿದ್ದಲಿಂಗೇಶ ತನ್ನ ಜನ್ಮದಲ್ಲಿ ಇಂಥ ಚಪ್ಪಾಳೆ ಕೇಳಿರಲಿಲ್ಲ. ಸಾವಿನ ಮನೆಯಲ್ಲಿ ಯಾರು ಚಪ್ಪಾಳೆ ಹೊಡೆಯುತ್ತಾರೆ ಹೇಳಿ?

ಗುರುಬಸಮ್ಮ ತಾನೇ ತಾಟು ತಂದು, ಹೋಳಿಗೆಯ ಮೇಲೆ ತುಪ್ಪ ಸುರಿದಳು. "ತಪ್ಪು ತಿಳೀಬ್ಯಾಡ್ರಿ, ಅಳಿಯಂದ್ರ. ಈ ಶ್ರಾವಣದಾಗ ಲಗ್ನ ಮಾಡೂಣು." ದಾಕ್ಷಾಯಣಿ ಬಾಗಿಲ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಸಿದ್ದಲಿಂಗೇಶನಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು.

"ಶ್ರಾವಣ ಬ್ಯಾಡ" ಎಂದರು ಕೊಟ್ಟೂರಪ್ಪನವರು, ಕುಟ್ಟಾಣಿ ಕೋಲು ವಾಪಸು ಇಸಿದುಕೊಳ್ಳುತ್ತ. "ಹುಡುಗಿ ನಿಂದ, ಮಾತು ಕೊಟ್ಟೀನಿ. ಆದ್ರ ಸಾವಿನ್ಯಾಗ ಎಷ್ಟು ಚೆಂದ ಐತಿ ಅಂತ ನನಗ ಇವತ್ತ ಗೊತ್ತಾತು. ನನ್ನದು ನಿಜವಾಗಿ ಆದಾಗ ನೀನ ಬಾರಿಸಬೇಕು."

"ಬಾರಿಸ್ತೀನ್ರಿ ತಾತಾರ. ಅದಕ್ಕೂ ಲಗ್ನಕ್ಕೂ ಏನ್ರಿ?"

"ಲಗ್ನ ಆದ್ರ ನೀ ಮನೀ ಅಳಿಯ. ಅಳಿಯ ಆದವ ಹೆಗಲು ಕೊಡಬೇಕು, ಕುಂತು ಬಾರಿಸಿದ್ರ ಜನ ಉಗೀತಾರ. ಅದಕ್ಕ ಮೊದಲು ನಂದು ಮುಗೀಲಿ, ಆಮ್ಯಾಲೆ ನಿಂದು."

ಗುರುಬಸಮ್ಮ ತುಪ್ಪದ ಪಾತ್ರೆ ಕೆಳಗಿಟ್ಟಳು. ಮಾವನ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ.

"ಈಗ ರೆಕಾರ್ಡ್ ಮಾಡಿಕೊಟ್ಟರ ನಡೀತೈತೇನ್ರಿ?" ಎಂದ ಸಿದ್ದಲಿಂಗೇಶ.

"ಸತ್ತವ ಒರಿಜಿನಲ್ಲು, ಅಳೋದು ಡೂಪ್ಲಿಕೇಟಾ? ಬ್ಯಾಡ ಬ್ಯಾಡ." ಕೊಟ್ಟೂರಪ್ಪನವರು ಅವನ ಬೆನ್ನು ತಟ್ಟಿದರು. ಆ ಏಟಿಗೆ ಸಿದ್ದಲಿಂಗೇಶ ಎರಡು ಹೆಜ್ಜೆ ಮುಂದೆ ಹೋದ. "ಎಷ್ಟು ದಿನ ಕಾಯಬೇಕು ಅಂತ ಚಿಂತಿ ಮಾಡಬ್ಯಾಡ. ನಮ್ಮಪ್ಪ ನೂರಾನಾಕಕ್ಕ ಹೋದ. ಅದೂ ಹುಣಸಿಗಿಡದಿಂದ ಬಿದ್ದು."

ಸಂಜೆಯ ಬಸ್ಸಿಗೆ ಊರೇ ಅವನನ್ನು ಮೆರವಣಿಗೆಯಲ್ಲಿ ಕರೆತಂದಿತು. ಕೊಟ್ಟೂರಪ್ಪನವರು ತಮ್ಮ ಕೊರಳ ಹಾರಗಳನ್ನೆಲ್ಲ ತೆಗೆದು ಅವನಿಗೇ ಹಾಕಿದರು. ಪೆಟ್ಟಿಗೆಯನ್ನು ಅವರೊಬ್ಬರೇ ಒಂದೇ ಕೈಯಲ್ಲಿ ಎತ್ತಿ ಬಸ್ಸಿನೊಳಗಿಟ್ಟರು. ಏದುಸಿರು ಕೂಡ ಬಿಡಲಿಲ್ಲ.

ಬಸ್ಸು ಹೊರಟಿತು. ಟಿಕೆಟು ಹರಿಯುತ್ತ ಬಂದ ಕಂಡಕ್ಟರು ಪೆಟ್ಟಿಗೆ ನೋಡಿದ, ಹಾರ ನೋಡಿದ, ದನಿ ತಗ್ಗಿಸಿದ.

"ಯಾರು ಹೋದ್ರಣ್ಣ?"

ಸಿದ್ದಲಿಂಗೇಶ ಕಿಟಕಿಯಾಚೆ ನೋಡಿದ. ಕೊಟ್ಟೂರಪ್ಪನವರು ಬಸ್ಸಿನ ಜೊತೆಜೊತೆಗೇ ದಾಪುಗಾಲು ಹಾಕುತ್ತ ಕೈಬೀಸುತ್ತಿದ್ದರು.

"ಯಾರೂ ಹೋಗವಲ್ರಪ" ಎಂದ.